ತಗಡಿನ ಹುಲಿ ಮತ್ತು ನಮ್ಮತ್ತೆಯ ಮೊಣಕಾಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಮುಖ ನೋಡುವುದಿಲ್ಲ, ಮನೆಯ ಜಂತಿ ನೋಡುತ್ತಾರೆ. ಜಂತಿಯ ಮೇಲೆ ತಲೆಯೆಣ್ಣೆಯ ಕಲೆ ಕಂಡಿತೋ, ತಟ್ಟೆಯ ಉಪ್ಪಿಟ್ಟನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರೆ. ಕಲೆ ಇದೆ ಎಂದರೆ ಯಾರದೋ ತಲೆ ಅಲ್ಲಿಗೆ ತಾಗಿದೆ. ತಲೆ ತಾಗಿದೆ ಎಂದರೆ ಆ ಮನೆಯಲ್ಲಿ ಯಾರೋ ಯಾರ ಮೇಲೋ ದನಿ ಎತ್ತಿದ್ದಾರೆ. ಜೋರು ಸದ್ದು ಕಿವಿಗೆ ಬಿದ್ದರೆ ನಮ್ಮೂರಿನ ಮನುಷ್ಯ ನೆಲ ಬಿಟ್ಟು ಏಳುತ್ತಾನೆ. ಸದ್ದು ಎಷ್ಟು ಜೋರೋ ಅಷ್ಟು ಮೇಲೆ. ಸದ್ದು ಇಳಿದರೆ ಇಳಿಯುತ್ತಾನೆ, ನಿಂತರೆ ಬೀಳುತ್ತಾನೆ. ಕಿವಿಗೆ ಅರಳೆ ತುರುಕಿಕೊಂಡವನು ಏಳುವುದಿಲ್ಲ. ತನ್ನ ಕೂಗಿಗೆ ತಾನು ಏಳುವುದಿಲ್ಲ, ಬೇರೆಯವರೇ ಕೂಗಬೇಕು.

ಹಾಗಾಗಿ ನಮ್ಮದು ಪಿಸುಮಾತಿನ ಊರು. ಬಸ್ಸಿನ ಹಾರನ್ನಿಗೆ ಹಳೆಯ ಕಾಲುಚೀಲ ತೊಡಿಸಿರುತ್ತಾರೆ. ಮದುವೆಯಲ್ಲಿ ಗಟ್ಟಿಮೇಳ ಎನ್ನುವ ಮೊದಲು ಬೀಗರೆಲ್ಲ ಚಪ್ಪರದ ಕಂಬ ಹಿಡಿದುಕೊಳ್ಳುತ್ತಾರೆ, ಮದುಮಕ್ಕಳನ್ನು ಒರಳುಕಲ್ಲಿಗೆ ಕಟ್ಟಿರುತ್ತಾರೆ. ನಲ್ಲಿಯ ಮುಂದೆ ಜಗಳ ಬಿದ್ದ ಹೆಂಗಸರು "ನಿನ್ನ ವಂಶ ನಾಶಾಗ್ಲಿ" ಎಂಬುದನ್ನೂ ತೊಟ್ಟಿಲ ಕೂಸಿಗೆ ಜೋಗುಳ ಹೇಳಿದಂತೆ ಹೇಳುತ್ತಾರೆ. ನಾನು ಸೊಸೆಯಾಗಿ ಬಂದ ಮನೆಯ ಜಂತಿಯಂತೂ ಊರಿಗೇ ಮಾದರಿ. ನಮ್ಮತ್ತೆ ಗುರುಸಿದ್ಧವ್ವ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ನೋಡ್ರಿ, ಒಂದು ಕಲಿ ಇಲ್ಲ. ನಮ್ಮ ಶಾಂಭವಿ ಬಾಯಿ ಬಿಟ್ಟಾಕಿ ಅಲ್ಲ" ಅನ್ನುವರು. ಶಾಂಭವಿ ಎಂದರೆ ನಾನು. ಬಾಯಿ ಬಿಡದಿರುವುದಕ್ಕೆ ನನಗೆಷ್ಟು ಕಷ್ಟವಾಗುತ್ತಿತ್ತು ಎಂಬುದು ನನ್ನ ಹಲ್ಲಿಗೆ ಮಾತ್ರ ಗೊತ್ತಿತ್ತು.

ನನ್ನ ಗಂಡ ವಿರೂಪಾಕ್ಷನದು ಅರಳೆಯ ಅಂಗಡಿ. ಗಾದಿ, ದಿಂಬು, ಕಿವಿಯ ಅರಳೆ. ಮಾಲು ಹೇಗಿದೆ ಎಂದು ನೋಡಲು ಬೆಳಿಗ್ಗೆ ಎರಡೂ ಕಿವಿಗೆ ಅರಳೆ ಇಟ್ಟುಕೊಂಡರೆ ಮಲಗುವಾಗಲೇ ತೆಗೆಯುವುದು. ಅತ್ತೆ ಏನು ಹೇಳಿದರೂ ನಾನೇನು ಹೇಳಿದರೂ ಒಂದೇ ರೀತಿ ತಲೆಯಾಡಿಸುತ್ತಿದ್ದ. ಇಂಥ ನೆಮ್ಮದಿಯ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮೂರಿಗೊಂದು ರಾಕ್ ತಂಡ ಹುಟ್ಟಿಕೊಂಡಿತು. ಹೆಸರು 'ತಗಡಿನ ಹುಲಿ'. ಅದರ ಹಾಡುಗಾರ ರಾಜೇಸಾಬ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದ. ಅವನ ಗಂಟಲಿಗೆ ಪ್ರಯಾಣಿಕರೆಲ್ಲ ಮೇಲೆದ್ದು, ಅವರ ಕಾಲಕೆಳಗೇ ಬಸ್ಸು ಖಾಲಿ ಹೊರಟುಹೋಗುತ್ತಿತ್ತು. ಕೆಲಸದಿಂದ ತೆಗೆದರು. ಅವನು ಕೂದಲು ಬಿಟ್ಟ, ಗಿಟಾರಿನವರನ್ನು ಕೂಡಿಸಿಕೊಂಡ, ಹಳೆಯ ಹತ್ತಿ ಮಾರುಕಟ್ಟೆಯ ಬಯಲಿನಲ್ಲಿ ವೇದಿಕೆ ಹಾಕಿದ. ಕಾರ್ಯಕ್ರಮ ನಡೆಯುವುದು ಮಟಮಟ ಮಧ್ಯಾಹ್ನ. ಮೇಲೆ ಹೋದವರು ಕಣ್ಣಿಗೆ ಕಾಣಬೇಕಲ್ಲ. ಟಿಕೆಟ್ಟಿನ ಜೊತೆ ಒಂದು ಪಟ್ಟಿ, ಒಂದು ಹಗ್ಗ ಕೊಡುತ್ತಾರೆ. ಪಟ್ಟಿ ಸೊಂಟಕ್ಕೆ, ಹಗ್ಗದ ಇನ್ನೊಂದು ತುದಿ ನೆಲದ ಕಬ್ಬಿಣದ ಬಳೆಗೆ. ಕೆಳಗೆಲ್ಲ ನಮ್ಮ ಅಂಗಡಿಯ ಗಾದಿಗಳು. ಗಾದಿ ಕೊಟ್ಟದ್ದಕ್ಕೆ ವಿರೂಪಾಕ್ಷನಿಗೆ ಎರಡು ಪಾಸು ಬಂದವು. ಅವನು ಬರುವುದಿಲ್ಲ ಎಂದ. ನಾನು ಹೋಗುತ್ತೇನೆ ಎಂದೆ.

"ಒಬ್ಬಾಕಿ ಹೋಗೂದು ಬ್ಯಾಡ. ನಾ ಬರತೇನಿ" ಎಂದರು ಅತ್ತೆ.

"ನಿಮ್ಮ ಮೊಣಕಾಲು?"

"ಮೊಣಕಾಲಿಗೂ ಪಾಸ್ ಬೇಕೇನು? ನಡಿ."

ಅತ್ತೆಯ ಮೊಣಕಾಲು ಸಾಮಾನ್ಯದ್ದಲ್ಲ. ಹೊಸ್ತಿಲು ದಾಟುವಾಗ ಒಮ್ಮೆ, ಕೂರುವಾಗ ಒಮ್ಮೆ, ಏಳುವಾಗ ಎರಡು ಸಲ ಅವರು "ಶಿವನೇ" ಅನ್ನುತ್ತಿದ್ದರು. ಎಷ್ಟೋ ಎಣ್ಣೆ, ಎಷ್ಟೋ ಎಕ್ಕದ ಎಲೆ ಆಗಿತ್ತು. ಅಂದು ಬಯಲಿಗೆ ನಡೆದು ಮುಟ್ಟುವಷ್ಟರಲ್ಲಿ ಶಿವನಿಗೆ ಪುರಸೊತ್ತೇ ಸಿಗಲಿಲ್ಲ.

ಮೊದಲ ಸಲ ಹೋದವರಿಗೆ ಆಗುವುದೆಲ್ಲ ನನಗೂ ಆಯಿತು. ಸೀರೆಯ ಮೇಲೆ ಪಟ್ಟಿ ಕಟ್ಟಿದರೆ ನೆರಿಗೆ ಕೆಡುತ್ತದೆ ಎಂದು ನಾನು ಹಗ್ಗವನ್ನು ಕಾಲಿಗೆ ಕಟ್ಟಿಕೊಂಡೆ. ಹಾಗೆ ಕಟ್ಟಿಕೊಳ್ಳಬಾರದು ಎಂದು ಯಾರೂ ಹೇಳಲಿಲ್ಲ. ಹೇಳಿದರೋ ಏನೋ, ಪಿಸುಮಾತಿನಲ್ಲಿ ಹೇಳಿರಬೇಕು. ಕಾಲಿಗೆ ಬೀಸುಕಲ್ಲು ಕಟ್ಟಿಕೊಂಡು ನಿಂತಿದ್ದ ತಂಡದವರು ಒಮ್ಮೆಲೇ ಗಿಟಾರು ಬಾರಿಸಿದರು. ಇಡೀ ಬಯಲು ಭರ್ರನೆ ಮೇಲೆದ್ದಿತು. ಎಲ್ಲರೂ ನೆಟ್ಟಗೆ ನಿಂತರು. ನಾನೊಬ್ಬಳು ಹಗ್ಗ ಬಿಗಿದ ಕ್ಷಣ ಗಿರಕಿ ಹೊಡೆದು ತಲೆಕೆಳಗಾದೆ.

"ಸೀರಿ ಹಿಡಕೋ! ಮಾನ ಹೊಕ್ಕೈತಿ!" ಅತ್ತೆ ಪಕ್ಕದಿಂದ ಒರಲಿದರು. ಆ ಕೂಗಿಗೆ ನಾನು ಇನ್ನೊಂದು ಸುತ್ತು ತಿರುಗಿದೆ.

ನೆರಿಗೆಯನ್ನು ಮೊಣಕಾಲಿನ ನಡುವೆ ಅವುಚಿಕೊಂಡು, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾವಲಿಯಂತೆ ತೂಗುತ್ತ ನಾನು ಜೀವಮಾನದ ಮೊದಲ ರಾಕ್ ಸಂಗೀತ ಕೇಳಿದೆ. ಯಾರದೋ ಚಪ್ಪಲಿ ಕಳಚಿ ಬಂದು ನನ್ನ ಕುಪ್ಪಸದೊಳಗೆ ಸೇರಿತು. ತೆಗೆಯಲು ಕೈ ಬಿಡುವಿರಲಿಲ್ಲ. ಹಾಡು ನಿಲ್ಲುವ ಹೊತ್ತಿಗೆ ನನ್ನ ಕಣ್ಣಿನಲ್ಲಿ ನೀರಿತ್ತು. ಅದೂ ಹಣೆಯ ಕಡೆಗೆ ಹರಿಯುತ್ತಿತ್ತು. ಅತ್ತೆ ಬೈಯುತ್ತಿರಬೇಕೆಂದು ಕತ್ತು ತಿರುಗಿಸಿ ನೋಡಿದರೆ, ಅವರು ಗಾಳಿಯಲ್ಲಿ ಪದ್ಮಾಸನ ಹಾಕಿ ಕೂತಿದ್ದರು. ಎರಡೂ ಮೊಣಕಾಲು ಮಡಚಿ! ಆಮೇಲೆ ಒಂದು ಕಾಲು ಚಾಚಿದರು, ಮಡಚಿದರು, ಇನ್ನೊಂದನ್ನು ಚಾಚಿದರು. ನೋವು ಎಲ್ಲಿದೆ ಎಂದು ಹುಡುಕುವವರಂತೆ ಮೊಣಕಾಲು ತಟ್ಟಿ ನೋಡಿಕೊಂಡರು. ಆಮೇಲೆ ನಕ್ಕರು. ನಮ್ಮತ್ತೆಯ ದವಡೆಹಲ್ಲುಗಳನ್ನು ನಾನು ಕಂಡದ್ದು ಅಂದೇ ಮೊದಲು, ಅದೂ ತಲೆಕೆಳಗಾಗಿ.

ಅಂದಿನಿಂದ ಅತ್ತೆಗೆ ರಾಕ್ ಹುಚ್ಚು ಹಿಡಿಯಿತು. ಒಮ್ಮೆ ಹೋಗಿ ಬಂದರೆ ಒಂದೆರಡು ದಿನ ಮೊಣಕಾಲು ಹಗುರಾಗಿರುತ್ತಿತ್ತು. ಆಮೇಲೆ ನೋವು ಮರಳಿ ಬಂದಾಗ "ಹುಲಿ ಯಾವಾಗ ಐತಿ?" ಎಂದು ಕೇಳಲು ಶುರು ಮಾಡುವರು. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದು ಮೇಲೆಯೇ ಉಣ್ಣುವರು. ಹದ್ದೊಂದು ಎರಡು ಸಲ ಅವರ ರೊಟ್ಟಿ ಎತ್ತಿಕೊಂಡು ಹೋಯಿತು. ಮೂರನೆಯ ಸಲ ಅತ್ತೆ ಅದಕ್ಕೆಂದೇ ಹಿಂದಿನ ದಿನದ ರೊಟ್ಟಿ ತಂದರು. ನಿಧಾನದ ಪ್ರೇಮಗೀತೆ ಬಂದರೆ ಅವರಿಗೆ ಸಿಟ್ಟು. ಸದ್ದು ಇಳಿದಂತೆ ನೆಲ ಹತ್ತಿರ ಬರುತ್ತದಲ್ಲ. "ಏ ರಾಜ್ಯಾ! ಅಳೂದು ಸಾಕು, ಜೋರ ಹೊಡಿಯೋ!" ಎಂದು ಕೂಗುವರು. ಅವರ ಕೂಗಿಗೆ ಸುತ್ತಲಿನವರು ಮತ್ತೆ ಒಂದು ಮಾರು ಮೇಲೇರಿ ಅವರಿಗೆ ಕೈಮುಗಿಯುತ್ತಿದ್ದರು. ಅಂಥದೇ ಒಂದು ನಿಧಾನದ ಹಾಡಿನಲ್ಲಿ ನಾನು ಇಳಿಯುತ್ತ ಇಳಿಯುತ್ತ ಗಾಳಿಗೆ ಸರಿದು ಬೇಯಿಸಿದ ಶೇಂಗಾ ಮಾರುವವನ ತಳ್ಳುಗಾಡಿಯ ಹಬೆಯ ಪಾತ್ರೆಯಲ್ಲಿ ಕೂತೆ. ಅಲ್ಲಿಂದ ನಾನು ಎದ್ದದ್ದು ಸದ್ದಿನಿಂದಲ್ಲ.

ಹಗ್ಗ ಗಂಟಾದದ್ದು ಮಳೆಗಾಲದ ಮೊದಲಿನ ಕಾರ್ಯಕ್ರಮದಲ್ಲಿ. ಸುಂಟರಗಾಳಿಯೊಂದು ಬಂದು ನನ್ನ ಹಗ್ಗ, ಅತ್ತೆಯ ಹಗ್ಗ ಮತ್ತು ಪಕ್ಕದಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ ಒಬ್ಬ ದಪ್ಪ ಮನುಷ್ಯನ ಹಗ್ಗ ಸೇರಿಸಿ ಜಡೆ ಹೆಣೆದ ಹಾಗೆ ಹೆಣೆದುಬಿಟ್ಟಿತು. ಕೆಳಗಿಳಿದ ಮೇಲೆ ನಾವು ಮೂವರೂ ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದೆವು. ಬಿಚ್ಚಲು ಬಂದವರೆಲ್ಲ ಗಂಟು ಇನ್ನಷ್ಟು ಬಿಗಿಸಿ ಹೋದರು. ಕೊನೆಗೆ ಅರಳೆ ಕತ್ತರಿಸುವ ಕತ್ತಿ ಮನೆಯ ಮುಂದಿನ ಅಂಗಡಿಯಲ್ಲಿದೆ ಎಂದು ನಾನು ಹೇಳಿದ್ದರಿಂದ ಮೂವರೂ ಒಟ್ಟಿಗೆ, ಏಡಿ ನಡೆದಂತೆ ಅಡ್ಡಡ್ಡ ನಡೆಯುತ್ತ ಮನೆಗೆ ಹೊರಟೆವು. ದಾರಿಯಲ್ಲಿ ಟವೆಲ್ ಜಾರಿತು. ನೋಡಿದರೆ ಪುರಸಭೆ ಅಧ್ಯಕ್ಷ ನಾಗನಗೌಡರು! ರಾಕ್ ಸಂಗೀತದಿಂದ ಊರಿನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ನಿಷೇಧಿಸಬೇಕು ಎಂದು ಹಿಂದಿನ ವಾರವಷ್ಟೇ ಪಿಸುಮಾತಿನ ಭಾಷಣ ಮಾಡಿದ್ದವರು.

"ಯವ್ವಾ, ಯಾರ ಮುಂದೂ ಹೇಳಬ್ಯಾಡ್ರಿ" ಎಂದರು ಅಧ್ಯಕ್ಷರು.

"ಹೇಳೂದಿಲ್ಲ. ಆದ್ರ ನೀವ್ಯಾಕ ಬಂದಿದ್ರಿ?" ಅತ್ತೆ ಬೆನ್ನ ಹಿಂದಿನಿಂದಲೇ ಕೇಳಿದರು.

"ತಿಂಗಳಿಗೊಮ್ಮೆರ ನಾನೂ ಮ್ಯಾಲ ಬರಬ್ಯಾಡೇನ್ರಿ?"

ವಿರೂಪಾಕ್ಷ ಅಂಗಡಿಗೆ ಬೀಗ ಹಾಕಿ ಕೀಲಿಕೈ ಕಳೆದುಕೊಂಡು ಹುಡುಕುತ್ತಿದ್ದ. ಕೀಲಿಕೈ ಸಿಗುವವರೆಗೆ ಸುಮ್ಮನೆ ಇರುವುದೇಕೆಂದು ನಾವು ಮೂವರೂ ಕಟ್ಟಿಕೊಂಡೇ ಊಟಕ್ಕೆ ಕೂತೆವು. ನಾನು ಅನ್ನ ಬಡಿಸಲು ಬಾಗಿದರೆ ಅಧ್ಯಕ್ಷರು ಅತ್ತೆಯನ್ನು ಹೊತ್ತುಕೊಂಡು ಹಿಂದಕ್ಕೆ ಏಳುತ್ತಿದ್ದರು. ಆ ಊಟದ ಋಣಕ್ಕೋ ಭಯಕ್ಕೋ ಅಧ್ಯಕ್ಷರು ನಿಷೇಧದ ಮಾತು ಕೈಬಿಟ್ಟರು. ಅಷ್ಟೇ ಅಲ್ಲ, ದಸರೆಯ ಕಾರ್ಯಕ್ರಮಕ್ಕೆ ನಮ್ಮತ್ತೆಗೆ ಗಣ್ಯರ ಹಗ್ಗ ಕಳಿಸಿಕೊಟ್ಟರು. ನಮ್ಮ ಹಗ್ಗಕ್ಕಿಂತ ಎಷ್ಟೋ ಉದ್ದ, ನಡುವೆ ಜರಿ ಬೇರೆ. ಬೇಲಿಯ ಆಚೆ, ವೇದಿಕೆಯ ಮುಂದೆ ಗಣ್ಯರ ಜಾಗ. ಅಲ್ಲಿ ಗಾದಿ ಹಾಸಿರಲಿಲ್ಲ. ಗಣ್ಯರು ಕೂರುವಲ್ಲಿ ಗಾದಿ ಚೆನ್ನಾಗಿ ಕಾಣುವುದಿಲ್ಲವೆಂದು ಹೊಳೆಯುವ ಕಡಪ ಕಲ್ಲು ಹಾಸಿದ್ದರು. ಗಣ್ಯರು ಮಾತ್ರ ಎಂದಿನಂತೆ ಇನ್ನೂ ಬಂದಿರಲಿಲ್ಲ.

"ಅತ್ತೀ, ಕೆಳಗ ಕಲ್ಲು ಐತಿ. ನಮ್ಮ ಕಡೆನ ಇರ್ರಿ" ಎಂದೆ.

"ನನ್ನ ಮೊಣಕಾಲು ಚೊಲೋ ಆಗೂದು ನಿನಗ ಬ್ಯಾಡಾಗೇತಿ" ಎಂದು ಅತ್ತೆ ಬೇಲಿ ದಾಟಿ ಹೋದರು. ಇಂಥ ಮಾತಿಗೆ ಉತ್ತರ ಕೊಡದೆ ನುಂಗುವುದು ನನಗೆ ಅಭ್ಯಾಸವಾಗಿತ್ತು. ನುಂಗಿದೆ.

ಅಂದು ತಗಡಿನ ಹುಲಿ ಹಿಂದೆಂದೂ ಬಾರಿಸದ ಹಾಗೆ ಬಾರಿಸಿತು. ಅತ್ತೆ ಏರಿದರು, ಏರಿದರು, ವೇದಿಕೆಯ ಬೊಂಬು ದಾಟಿದರು, ಬೇವಿನಮರ ದಾಟಿದರು, ಕೊನೆಗೆ ಬಿಸಿಲಿನಲ್ಲಿ ಒಂದು ಕಂದು ಸೀರೆಯ ಚುಕ್ಕಿಯಾಗಿ ಕೂತರು. ಆಗಲೇ ಕರೆಂಟು ಹೋಯಿತು. ಹೋದದ್ದು ಹೇಗೆಂದು ಆಮೇಲೆ ತಿಳಿಯಿತು. ಟ್ರಾನ್ಸ್‌ಫಾರ್ಮರಿನ ಸಡಿಲ ಫ್ಯೂಸನ್ನು ಒಣಕೋಲಿನಿಂದ ಒತ್ತಿಹಿಡಿದು ನಿಂತಿದ್ದ ಲೈನ್‌ಮನ್ನನಿಗೆ ಕಿವಿ ತುರಿಸಿತಂತೆ. ಒಂದು ಕ್ಷಣ ಅರಳೆ ತೆಗೆದ. ಅವನು ಕೋಲಿನ ಸಮೇತ ಮೇಲೆ ಹೋದ, ಫ್ಯೂಸು ಕೆಳಗೆ ಬಂತು.

ಗಿಟಾರು ಸತ್ತಿತು. ರಾಜೇಸಾಬನ ಗಂಟಲು ಅಷ್ಟು ಹೊತ್ತಿಗೆ ಮೈಕಿಲ್ಲದೆ ಕೇಳಿಸುವ ಸ್ಥಿತಿಯಲ್ಲಿರಲಿಲ್ಲ. ಡ್ರಮ್ಮಿನವನು ಗಾಬರಿಯಿಂದ ಕೋಲು ಕೈಬಿಟ್ಟ. ನಾವೆಲ್ಲ ಗಾದಿಗಳ ಮೇಲೆ ದಬದಬ ಬಿದ್ದೆವು. ಬಿದ್ದವರು "ಅಯ್ಯೋ" ಎನ್ನುವುದು, ಅದಕ್ಕೆ ಪಕ್ಕದವರು ಪುಟಿದೇಳುವುದು, ಅವರು ಬಿದ್ದು "ಯವ್ವಾ" ಎನ್ನುವುದು, ಇವರು ಪುಟಿಯುವುದು. ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಬಯಲೆಲ್ಲ ಜನ ಸಿಡಿಯುತ್ತಿದ್ದರು. ಈ ಗದ್ದಲ ಸ್ವಲ್ಪ ಅತ್ತೆಯನ್ನೂ ಮುಟ್ಟುತ್ತಿತ್ತು. ಅವರು ಬೀಳುತ್ತ, ತಡೆಯುತ್ತ, ಬೀಳುತ್ತ ಬರುತ್ತಿದ್ದರು. ಆಮೇಲೆ ಜನಕ್ಕೆ ಉಸಿರು ಸಾಲದಾಯಿತು. ಬಯಲು ಸುಮ್ಮನಾಯಿತು. ಅತ್ತೆ ನೇರವಾಗಿ ಕಡಪ ಕಲ್ಲಿನ ಕಡೆಗೆ ಬರತೊಡಗಿದರು.

ನಾನು ಪಟ್ಟಿ ಬಿಚ್ಚಿ ಎಸೆದು ಬೇಲಿ ಹಾರಿದೆ. ಕೂಗಬೇಕು, ಅಷ್ಟು ಗೊತ್ತಿತ್ತು. ಆದರೆ ಈ ಊರಿನಲ್ಲಿ ಬಾಯಿ ಮುಚ್ಚಿ ಬಾಳಿದವಳ ಗಂಟಲು ಎಲ್ಲಿ ತೆರೆಯುತ್ತದೆ?

"ಅತ್ತೀ!" ಎಂದೆ. ಅದು ಬೆಕ್ಕಿನ ಮರಿ ಕೂಗಿದಂತಿತ್ತು. ಅವರು ಬೀಳುತ್ತಲೇ ಇದ್ದರು.

"ಅತ್ತೀ! ಆ ಹಸರು ರೇಷ್ಮಿ ಸೀರಿ ನಮ್ಮವ್ವ ನನಗ ಕೊಟ್ಟದ್ದು! ನಿಮ್ಮ ಮಗಳಿಗೆ ಯಾಕ ಕೊಟ್ರಿ?"

ಅದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಅತ್ತೆ ಗಾಳಿಯಲ್ಲಿ ಗಕ್ಕನೆ ನಿಂತರು. ಮುಖ ನನ್ನ ಕಡೆ ತಿರುಗಿತು. ಬಿದ್ದು ಸಾಯುವುದನ್ನು ಅವರು ಆ ಕ್ಷಣ ಮರೆತರೆಂದು ಕಾಣುತ್ತದೆ.

"ನಿನಗ ಹಸರು ಒಪ್ಪೂದಿಲ್ಲ!" ಎಂದು ಕೂಗಿದರು.

ನನ್ನ ಕಾಲು ನೆಲ ಬಿಟ್ಟಿತು. ಸೊಂಟದಲ್ಲಿ ಹಗ್ಗವಿಲ್ಲ, ಕೆಳಗೆ ಕಲ್ಲು. ಈಗ ಅವರು ಸುಮ್ಮನಾದರೆ ನಾನು ಬೀಳುತ್ತೇನೆ, ನಾನು ಸುಮ್ಮನಾದರೆ ಅವರು.

"ನಾ ಆ ಕಡೆ ಹೊಳ್ಳಿದ ಕೂಡ್ಲೆ ನನ್ನ ಸಾರಿಗೆ ಉಪ್ಪು ಯಾಕ ಹಾಕತೀರಿ?"

"ಸಪ್ಪಗಿದ್ರ ಹಾಕಬೇಕಲ್ಲ!"

"ಮದುವಿ ಮನಿಯಾಗ ಮಂದಿ ಮುಂದ ನಾ ಗೊರಕಿ ಹೊಡೀತೇನಂತ ಹೇಳಿದ್ರಿ!"

"ಹೊಡೀತಿ! ನೀ ಬಂದಾಗಿಂದ ನಾ ಹಾಸಿಗಿ ಬಿಟ್ಟು ಒಂದು ಗೇಣು ಮ್ಯಾಲ ಮಲಗತೇನಿ!"

ಗಾದಿಗಳ ಮೇಲೆ ಏಳುತ್ತ ಬೀಳುತ್ತ ಇದ್ದ ಇಡೀ ಊರು ನಕ್ಕಿತು. ಆ ನಗೆಗೆ ನಾವಿಬ್ಬರೂ ಒಂದಾಳೆತ್ತರ ಮೇಲೇರಿ ಎದುರುಬದುರಾದೆವು. ಅತ್ತೆಯ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಮನೆಯಲ್ಲಿ ನಾನು ಯಾವಾಗಲೂ ಅವರ ಪಾದವನ್ನೋ ಸೆರಗನ್ನೋ ನೋಡಿ ಮಾತಾಡಿದವಳು. ಅಷ್ಟು ಹತ್ತಿರದಿಂದ ನೋಡಿದಾಗ ಎಲ್ಲಕ್ಕಿಂತ ಕೆಳಗೆ ಒತ್ತಿಟ್ಟಿದ್ದ ಮಾತು ಹೊರಬಂತು.

"ನಮ್ಮಪ್ಪ ಸಾಯಾಕ ಬಿದ್ದಾನಂತ ಸುದ್ದಿ ಬಂದಾಗ, ಬೀಗರು ಉಂಡು ಏಳಲಿ, ಆಮ್ಯಾಲ ಹೋಗು ಅಂದ್ರಿ! ನಾ ಹೋಳಿಗಿ ಬಡಿಸಿದೆ! ನಾ ಹೋಗಿ ಮುಟ್ಟೂದ್ರಾಗ ಮಣ್ಣು ಮಾಡಿ ಬಂದಿದ್ರು! ನಾ ಮುಖಾ ನೋಡಲಿಲ್ಲ!"

ಬಯಲಿನಲ್ಲಿ ಯಾರೂ ನಗಲಿಲ್ಲ. ಆ ಕೂಗಿಗೆ ಅತ್ತೆ ನನ್ನ ತಲೆಯ ಮೇಲಕ್ಕೆ, ಅದಕ್ಕೂ ಮೇಲಕ್ಕೆ ಹೋದರು. ಅವರ ಬಾಯಿ ಮುಚ್ಚಿತ್ತು. ನಾನು ಇಳಿಯತೊಡಗಿದೆ, ಮೊದಲು ಮೆಲ್ಲಗೆ, ಆಮೇಲೆ ಬೇಗ. ಅತ್ತೆಯ ತುಟಿ ಅಲುಗಿದ್ದು ಕಂಡಿತು.

"ಏನು?" ಎಂದು ಕೂಗಿದೆ.

ತುಟಿ ಮತ್ತೆ ಅಲುಗಿತು. "ತಪ್" ಎಂಬಷ್ಟು ಕೇಳಿಸಿತು. ಅಷ್ಟು ಸದ್ದಿಗೆ ಇರುವೆಯೂ ಏಳುವುದಿಲ್ಲ. ಕೆಳಗೆ ಕಲ್ಲಿನಲ್ಲಿ ನನ್ನದೇ ಬಿಂಬ ದೊಡ್ಡದಾಗುತ್ತಿತ್ತು.

"ಕೇಳಸವಲ್ದು, ಅತ್ತೀ! ನಾ ಬೀಳಾಕತ್ತೇನಿ!"

ಆಗ ನಮ್ಮತ್ತೆ ಗುರುಸಿದ್ಧವ್ವ, ಕಲೆಯಿಲ್ಲದ ಜಂತಿಯ ಒಡತಿ, ಎರಡೂ ಕೈ ಬಾಯಿಯ ಸುತ್ತ ಹಿಡಿದುಕೊಂಡು ಊರೆಲ್ಲ ಕೇಳುವಂತೆ ಕೂಗಿದರು: "ತಪ್ಪಾತಂದ್ನಿ! ನಂದ ತಪ್ಪು! ಅವತ್ತು ನಿನ್ನ ಕಳಸಬೇಕಾಗಿತ್ತು, ಕಳಸಲಿಲ್ಲ! ದಿನಾ ನೆನಪಾಗತೈತಿ ನನಗ! ಕೇಳಸ್ತೋ ಇಲ್ಲೋ, ಹುಚ್ಚಿ?"

ನಾನು ಚಿಮ್ಮಿದೆ. ಬೊಂಬು ದಾಟಿ, ಬೇವಿನ ಎಲೆಗಳನ್ನು ಸವರಿಕೊಂಡು ಅವರ ಮುಂದೆ ಹೋಗಿ ನಿಂತೆ. ಇಬ್ಬರೂ ಅಳುತ್ತಿದ್ದೆವು, ಅದೂ ಜೋರಾಗಿಯೇ, ಬೇರೆ ದಾರಿಯಿರಲಿಲ್ಲ.

"ಕೇಳಸ್ತು!" ಎಂದೆ.

"ಈಗ ಕೆಳಗ ಹ್ಯಾಂಗ ಹೋಗೂದು?"

"ಸಾವಕಾಶ ಮಾತಾಡಕೋತ ಹೋಗೂಣು! ಒಬ್ಬರಾದ ಮ್ಯಾಲ ಒಬ್ಬರು!"

"ಏನ ಮಾತಾಡೂದು?"

"ಏನರ ಕೇಳ್ರಿ!"

"ಮನಿಯಾಗ ಜ್ವಾಳದ ಹಿಟ್ಟು ಐತೇನು?" ಅತ್ತೆ ಕೂಗಿದರು.

"ಐತಿ! ನಾಳಿಗೆ ಬೀಸಸಬೇಕು!" ನಾನು ಸ್ವಲ್ಪ ಇಳಿಸಿ ಕೂಗಿದೆ.

"ಹಾಲಿನಾಂವ ಬಂದಿದ್ನೇನು?" ಅವರು ಇನ್ನೂ ಸ್ವಲ್ಪ ಇಳಿಸಿದರು.

"ಬಂದಿದ್ದ. ನೀರು ಜಾಸ್ತಿ ಹಾಕಾಕತ್ತಾನ."

"ಬಿಡಸಿಬಿಡು ಅವನ್ನ."

"ಬಿಡಸ್ತೇನಿ. ಕಾಲು ನೆಟ್ಟಗ ಇಳಿಬಿಡ್ರಿ."

"ಬಿಟ್ಟೇನಿ. ನೀ ಸೆರಗು ನೋಡಕೋ" ಎಂದು ಅವರು ಪಿಸುಗುಟ್ಟಿದಾಗ ನನ್ನ ಹೆಬ್ಬೆರಳಿಗೆ ಕಲ್ಲು ತಣ್ಣಗೆ ತಾಗಿತು. ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಇಳಿಸಿಕೊಂಡೆ. ಬಯಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ನಾವು ಮತ್ತೆ ಮೇಲೆ ಹೋಗುತ್ತಿದ್ದೆವು. ಗಂಡಸರು ಟವೆಲ್ ಬೀಸಿದರು. ನಾಗನಗೌಡರು ತಮ್ಮ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಬಂದ ವಿರೂಪಾಕ್ಷ, ತಲೆಯ ಮೇಲೊಂದು ಗಾದಿ ಹೊತ್ತುಕೊಂಡು. ಕಿವಿಯಲ್ಲಿ ಅರಳೆ ಹಾಗೇ ಇತ್ತು. ಇಡೀ ಊರು ಕೇಳಿದ ನಮ್ಮ ಮನೆಯ ಮಾತನ್ನು ಕೇಳದೆ ಉಳಿದವನು ಅವನೊಬ್ಬನೇ. "ಅವ್ವಾ, ಇದರ ಮ್ಯಾಲ ಬೀಳು" ಎಂದ. "ಆತು ಬಿಡಪ್ಪಾ, ಮುಂದಿನ ಸಲ ಬೀಳತೇನಿ" ಎಂದರು ಅತ್ತೆ. ಅವನು ತಲೆಯಾಡಿಸಿದ.

ಅತ್ತೆಯ ಮೊಣಕಾಲು ಹೆದರಿಕೆಗೋ ಏನೋ ಮರದ ಕೊರಡಾಗಿತ್ತು. ರಿಕ್ಷಾದವರೆಲ್ಲ ತಾವೂ ಬಿದ್ದು ಸೊಂಟ ಹಿಡಿದುಕೊಂಡು ಕೂತಿದ್ದರು. ನಾನು ಅತ್ತೆಯನ್ನು ಬೆನ್ನ ಮೇಲೆ ಹಾಕಿಕೊಂಡೆ. ಅವರು ಬೇಡ ಅನ್ನಲಿಲ್ಲ. ಗಾದಿ ಹೊತ್ತ ವಿರೂಪಾಕ್ಷ ಹಿಂದೆ ಬಂದ. ಮಾರುಕಟ್ಟೆ ದಾಟಿ ಅಗಸರ ಓಣಿಗೆ ತಿರುಗಿದೆವು. ಅಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ, ಉಸಿರಿಗಿಂತ ಸ್ವಲ್ಪ ಹೆಚ್ಚು ದನಿಯಲ್ಲಿ ಕೇಳಿದರು.

"ನಿಮ್ಮಪ್ಪಗ ತಿನ್ನಾಕ ಏನು ಸೇರತಿತ್ತು?"

ನಮ್ಮಪ್ಪನ ಬಗ್ಗೆ ಆ ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ.

"ಆಮ್ಲೆಟ್" ಎಂದೆ.

"ಶಿವನೇ! ಅಷ್ಟುದ್ದ ವಿಭೂತಿ ಹಚ್ಚತಿದ್ರಲ್ಲ!"

"ಹಚ್ಚತಿದ್ರು. ವಾರಕ್ಕೊಮ್ಮೆ ಸ್ಟೇಶನ್ ಕ್ಯಾಂಟೀನಿನ್ಯಾಗ ಪೇಪರ್ ಅಡ್ಡ ಹಿಡಕೊಂಡು ತಿಂತಿದ್ರು. ವಾಸನಿ ಬರಬಾರದಂತ ಬಾಯ್ತುಂಬ ಲವಂಗ ಜಗಿದು ಮನಿಗೆ ಬರತಿದ್ರು. ನಮ್ಮವ್ವ ಹಲ್ಲನೋವು ಅಂತ ತಿಳದಳು. ಡಾಕ್ಟರ್ ಕಡೆ ಎಳಕೊಂಡು ಹೋದಳು."

"ಮತ್ತ?"

"ಮತ್ತೇನು. ಖರೇ ಹೇಳಾಕ ಆಗಲಿಲ್ಲ. ಎರಡು ಗಟ್ಟಿ ಹಲ್ಲು ಕೀಳಿಸಿಕೊಂಡು ಬಂದ್ರು."

ಬೆನ್ನ ಮೇಲೆ ಅತ್ತೆಯ ಹೊಟ್ಟೆ ಅದುರಿದ್ದು ನನಗೆ ಮೊದಲು ತಿಳಿಯಿತು. ಅವರು ತಡೆಯಲು ನೋಡಿದರು, ಮುಖವನ್ನು ನನ್ನ ಹೆಗಲಿಗೆ ಒತ್ತಿದರು, ಆಗಲಿಲ್ಲ. ನನ್ನ ಕಿವಿಯಲ್ಲೇ ಬಾಯಿಟ್ಟಂತೆ ಅತ್ತೆ ಗಹಗಹಿಸಿ ನಕ್ಕರು. ಅವರನ್ನು ಹೊತ್ತುಕೊಂಡೇ ನಾನು ಓಣಿಯ ನಡುವೆ ಮೇಲೆದ್ದೆ. ಚಪ್ಪಲಿಗಳು ಕೆಳಗೇ ಉಳಿದವು. ಹಿಂದೆ ಬರುತ್ತಿದ್ದ ವಿರೂಪಾಕ್ಷ ಗಾದಿಯನ್ನು ಒಂದು ಕೈಯಲ್ಲಿ ಹಿಡಿದು, ಬಾಗಿ ಚಪ್ಪಲಿ ಎತ್ತಿಕೊಂಡ. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಬಲಗಿವಿಯ ಅರಳೆ ತೆಗೆದು, "ಏನಾತು? ನನಗೂ ಹೇಳ್ರಿ" ಎಂದ.